ಇಲಿಗಳು ಹೆದರದ ಕೈ

ಬೆಳಗಿನ ಐದೂವರೆ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇಲಿಗಳನ್ನು ನೋಡಿಕೊಳ್ಳುವ ದೊಡ್ಡಮ್ಮ ನೀಲಿ ನಿಲುವಂಗಿ ತೊಟ್ಟು, ಕೈಗವಸು ಹಾಕಿದ ಅಂಗೈಗಳನ್ನು ಗಸಗಸ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಆಮೇಲೆಯೇ ಮೊದಲ ಪೆಟ್ಟಿಗೆಯ ಮುಚ್ಚಳಕ್ಕೆ ಕೈ. “ತಣ್ಣನೆ ಕೈ ಮೈಮೇಲೆ ಬಿದ್ರೆ ನೀವು ಬೆಚ್ಚಲ್ವಾ? ಇವೂ ಅಷ್ಟೇ,” ಎನ್ನುತ್ತಾರೆ. ಬೊಗಸೆಗೆ ಬಂದ ಬಿಳಿ ಇಲಿ ಮೀಸೆ ಅಲುಗಿಸಿ ಸುಮ್ಮನೆ ಕೂರುತ್ತದೆ.

ನಲವತ್ತೆಂಟು ಪೆಟ್ಟಿಗೆ, ನೂರ ತೊಂಬತ್ತೆರಡು ಇಲಿ. ಎಲ್ಲವೂ ಇಪ್ಪತ್ತು ತಿಂಗಳು ದಾಟಿದ ಅಜ್ಜ-ಅಜ್ಜಿಯರು. ಮೇಲಿನ ಮಹಡಿಯವರು ಮೂರ್ನಾಲ್ಕು ಅಮೈನೋ ಆಮ್ಲಗಳನ್ನು ಮಣಿಯಂತೆ ಪೋಣಿಸಿ ಪೆಪ್ಟೈಡ್ ಎಂಬ ಪುಡಿ ತಯಾರಿಸುತ್ತಾರೆ. ವಯಸ್ಸಾಗಿ ಬಿರುಸಾದ ರಕ್ತನಾಳ ಅದರಿಂದ ಮೆತ್ತಗಾದೀತೇ ಎಂದು ಉಪ್ಪುನೀರಿನಲ್ಲಿ ಕರಗಿಸಿ ಇಲಿಗಳಿಗೆ ಚುಚ್ಚಿ ನೋಡುತ್ತಾರೆ. ಬಾಲಕ್ಕೆ ಪುಟ್ಟ ಪಟ್ಟಿ ಕಟ್ಟಿ ರಕ್ತದೊತ್ತಡ ಅಳೆಯುತ್ತಾರೆ. ಅವರ ಹೆಸರಿನ ಹಿಂದೆ ಆ ಬಾಲದಷ್ಟೇ ಉದ್ದದ ಪದವಿಗಳಿವೆ. ದೊಡ್ಡಮ್ಮ ಏಳನೇ ಕ್ಲಾಸು. ಹತ್ತೊಂಬತ್ತು ವರ್ಷ ನಿಂತೇ ದುಡಿದು ಅವರ ಮೊಣಕಾಲ ಕೆಳಗೆ ರಕ್ತನಾಳಗಳು ಹಗ್ಗದಂತೆ ಉಬ್ಬಿವೆ. ಅವುಗಳ ಮೇಲೆ ಯಾರೂ ಸಂಶೋಧನೆ ಮಾಡಿಲ್ಲ.

ಮನೆಯಲ್ಲಿ ಟೈಲರ್ ಗಂಡನಿಗೂ ಬಿಪಿ. ಆ ಪುಡಿ ತನಗೂ ಒಂದು ಚಿಟಿಕೆ ತರಬಾರದೇ ಎಂದು ಆತ ಗೋಗರೆಯುತ್ತಾನೆ. ಮೊದಲು ಮಿಷನ್ ಬಿಟ್ಟು ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಪುಡಿಯ ಮಾತು ಆಮೇಲೆ ಎಂದು ಈಕೆ ಬಾಯಿ ಮುಚ್ಚಿಸುತ್ತಾರೆ.

ಕಳೆದ ವರ್ಷ ಮೇಲಿನ ಮಹಡಿಯಲ್ಲಿ ಸಿಹಿ ಹಂಚಿದರು. ಎಂಟು ತಿಂಗಳ ಲೆಕ್ಕದಲ್ಲಿ ಔಷಧಿ ಸಾಲಿನ ಇಲಿಗಳ ಒತ್ತಡ, ಹೋಲಿಕೆಗೆಂದು ಬರೀ ಉಪ್ಪುನೀರು ಚುಚ್ಚಿದ ಸಾಲಿಗಿಂತ ಇಪ್ಪತ್ತೆರಡು ಅಂಕ ಕಡಿಮೆ! ದೊಡ್ಡಮ್ಮ ಸಿಹಿ ಮುಟ್ಟಲಿಲ್ಲ. ಔಷಧಿ ಸಾಲು ಮೊದಲಿನಿಂದಲೂ ಅವರ ಕೈಯಲ್ಲಿತ್ತು. ಉಪ್ಪುನೀರಿನ ಸಾಲನ್ನು ವಾರಕ್ಕೊಬ್ಬರಂತೆ ಬದಲಾಗುವ ಏಜೆನ್ಸಿಯವರು ನೋಡುತ್ತಿದ್ದರು. ಅವರು ಅವಸರಕ್ಕೆ ಇಲಿಗಳನ್ನು ಬಾಲ ಹಿಡಿದೇ ಎತ್ತುತ್ತಿದ್ದರು. ಹೆದರಿದ ಇಲಿಯ ಒತ್ತಡ ಏರದೇ ಇನ್ನೇನು?

ಪೊರಕೆ ಗೋಡೆಗೆ ಒರಗಿಸಿ ದೊಡ್ಡಮ್ಮ ಎಲ್ಲರೆದುರೇ ಹೇಳಿಬಿಟ್ಟರು: “ಇದು ಔಷಧಿ ಗುಣ ಅಲ್ಲ ಸಾರ್, ಕೈಗುಣ.”

ಮುಖ್ಯಸ್ಥರು ನಕ್ಕರು. ಇದೆಲ್ಲ ನಿಮಗೆ ಅರ್ಥವಾಗುವಂಥದ್ದಲ್ಲ ಎಂದರು. ಅವರ ಕೆಲಸದ ಗುತ್ತಿಗೆ ನವೀಕರಣ ಅದೇ ತಿಂಗಳು ಎಂಬುದನ್ನು ಮೇಲ್ವಿಚಾರಕ ಕಿವಿಯಲ್ಲಿ ನೆನಪಿಸಿದ. ದೊಡ್ಡಮ್ಮ ಕದಲಲಿಲ್ಲ.

“ನೀವು ಹತ್ತು ಗಂಟೆಗೆ ಬರ್ತೀರಿ. ನಾನು ಐದೂವರೆಗೆ ಬರ್ತೀನಿ. ನಡುವೆ ಕೆಳಗೆ ಏನೇನಾಗುತ್ತೆ ಅಂತ ನೀವೇ ಹೇಳಿ ನೋಡೋಣ. ಎರಡೂ ಸಾಲು ನನಗೆ ಕೊಡಿ. ಯಾವುದು ಔಷಧಿದು ಅಂತ ನನಗೂ ಹೇಳ್ಬೇಡಿ, ಪೆಟ್ಟಿಗೆ ಮೇಲಿನ ಚೀಟಿ ಮುಚ್ಚಿಡಿ.”

ಆ ಪ್ರಯೋಗವನ್ನೇ ನಂಬಿಕೊಂಡಿದ್ದ ಸಂಶೋಧನಾ ವಿದ್ಯಾರ್ಥಿನಿ ಅಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಮರುದಿನ ಮುಖ್ಯಸ್ಥರನ್ನು ಒಪ್ಪಿಸಿ ಚೀಟಿಗಳ ಮೇಲೆ ಕಾಗದ ಅಂಟಿಸಿದವಳೂ ಅವಳೇ. ಹೊಸ ಇಲಿಗಳು, ಮತ್ತೆ ಎಂಟು ತಿಂಗಳು. ಕಾಗದ ಕಿತ್ತಾಗ ಇಪ್ಪತ್ತೆರಡರ ಅಂತರ ಏಳಕ್ಕೆ ಇಳಿದಿತ್ತು. ಈ ಸಲ ಯಾರೂ ಸಿಹಿ ಹಂಚಲಿಲ್ಲ. “ಏಳಾದ್ರೂ ನಿಜವಾದ ಏಳು,” ಎನ್ನುತ್ತಾರೆ ದೊಡ್ಡಮ್ಮ. ಅವರ ಗುತ್ತಿಗೆ ಈ ಬಾರಿ ಮೂರೇ ತಿಂಗಳಿಗೆ ಮುಂದುವರಿದಿದೆ.

ಈಗ ಪ್ರಬಂಧ ಅಚ್ಚಿಗೆ ಹೊರಟಿದೆ. ಕೊನೆಯಲ್ಲಿ ನಿಮ್ಮ ಹೆಸರು ಹಾಕಿ ಕೃತಜ್ಞತೆ ಹೇಳಲೇ ಎಂದು ವಿದ್ಯಾರ್ಥಿನಿ ಕೇಳಿದ್ದಾಳೆ.

“ಹೆಸರು ಗಿಸರು ಬೇಡಮ್ಮ. ಎರಡೂ ಸಾಲನ್ನ ಒಂದೇ ಕೈ ಹಿಡಿದಿತ್ತು ಅಂತ ಬರಿ. ಮೊದಲಿನ ಎಂಟು ತಿಂಗಳು ಹಾಗಿರಲಿಲ್ಲ ಅಂತಾನೂ ಬರಿ.”

ಎರಡನೇ ವಾಕ್ಯಕ್ಕೆ ಮುಖ್ಯಸ್ಥರು ಇನ್ನೂ ಒಪ್ಪಿಲ್ಲ. ಒಪ್ಪದೇ ಹೋದರೆ? ದೊಡ್ಡಮ್ಮ ಮುಂದಿನ ಪೆಟ್ಟಿಗೆಯ ಮುಚ್ಚಳ ಸರಿಸಿ, ಮತ್ತೆ ಅಂಗೈ ಉಜ್ಜಿಕೊಳ್ಳುತ್ತಾರೆ.

“ಮೂರು ತಿಂಗಳು ಇದೆಯಲ್ಲ. ದಿನಾ ಕೇಳ್ತೀನಿ.”