ಕಾಶಿಯಲ್ಲಿ ಬಿಟ್ಟ ನೇರಳೆ

ಎರಡು ಸಾವಿರದ ಇಸವಿಯ ಆಚೀಚೆ ನಾನು ಮೈಸೂರಿನ ಲ್ಯಾಬೊಂದರಲ್ಲಿ ನೇರಳೆ ಹಣ್ಣಿನ ಮೇಲೆ ಕೆಲಸ ಮಾಡುತ್ತಿದ್ದೆ. ಹಣ್ಣಿಗೆ ಬಣ್ಣ ಕೊಡುವ ಅಂಶವನ್ನು ಬೇರ್ಪಡಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದರೆ ಎಷ್ಟೋ ಕೋಶಗಳು ಸಾಯುತ್ತಿದ್ದವು. ಹಿಗ್ಗಿನಿಂದ ಅಮ್ಮನಿಗೆ ಹೇಳಿದೆ. ಆ ಮಾತು ಅಮ್ಮನ ಬಾಯಿಂದ ನಮ್ಮೂರು ಹೊಳೆನರಸೀಪುರವೆಲ್ಲ ಸುತ್ತಿ, ತಟ್ಟೆಯನ್ನು ಎಲ್ಲೋ ಬಿಟ್ಟುಬಂತು. ನೇರಳೆ ತಿಂದರೆ ಕ್ಯಾನ್ಸರ್ ಹೋಗುತ್ತದೆ ಎಂಬುದಷ್ಟೇ ಉಳಿಯಿತು.

ಆ ವರ್ಷ ಮುಂಗಾರಿನ ಹೊತ್ತಿಗೆ ಅಮ್ಮನ ಅಕ್ಕ, ನನ್ನ ದೊಡ್ಡಮ್ಮನಿಗೆ, ದೊಡ್ಡಕರುಳಿನಲ್ಲೇ ಗಡ್ಡೆ ಕಾಣಿಸಿತು. ಇನ್ನೂ ಹರಡಿಲ್ಲ, ತಡ ಮಾಡದೆ ಆಪರೇಷನ್ ಮಾಡಿಸಿ ಎಂದರು ಹಾಸನದ ಡಾಕ್ಟರು. ಅಷ್ಟರಲ್ಲಿ ಅರಕಲಗೂಡಿನ ನೆಂಟರು ಒಂದು ಬುಟ್ಟಿ ನೇರಳೆ ಕಳಿಸಿದರು. ಆಪರೇಷನ್ ಮುಂದಕ್ಕೆ ಹೋಯಿತು.

ಸುದ್ದಿ ತಿಳಿದು ಊರಿಗೆ ಓಡಿಬಂದರೆ ಮನೆಯಲ್ಲಿ ಬೇರೆಯೇ ಚರ್ಚೆ. ಕಾಶಿಗೆ ಹೋದವರು ಇಷ್ಟದ ಹಣ್ಣೊಂದನ್ನು ಜೀವಮಾನಕ್ಕೆ ಬಿಟ್ಟು ಬರಬೇಕಲ್ಲ, ದೊಡ್ಡಮ್ಮ ಬಿಟ್ಟಿದ್ದು ನೇರಳೆಯನ್ನೇ. ಈಗ ತಿನ್ನಬಹುದೋ ಇಲ್ಲವೋ? ದೇವಸ್ಥಾನದ ಪೂಜೆ ಮಾಡುವ ನನ್ನ ಸೋದರಮಾವ ಚನ್ನರಾಯಪಟ್ಟಣದ ಹಿರಿಯ ಪುರೋಹಿತರನ್ನು ಕೇಳಿ ಬಂದಿದ್ದರು.

"ಔಷಧ ಅಂತ ತಿಂದ್ರೆ ದೋಷ ಇಲ್ವಂತೆ. ನಾಳೆ ದಿನ ಚೆನ್ನಾಗಿದೆ, ಶುರು ಮಾಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. "ಮಾವ, ಆ ತಟ್ಟೆಗೆ ಫಿನಾಯಿಲ್ ಹಾಕಿದ್ರೂ ಕೋಶ ಸಾಯತ್ತೆ. ದೊಡ್ಡಮ್ಮಂಗೆ ಅದನ್ನೂ ಕುಡಿಸ್ತೀರಾ?"

"ದೊಡ್ಡೋರ ಹತ್ರ ಹೀಗಾ ಮಾತಾಡೋದು? ಕಂಡುಹಿಡಿದೋಳು ನೀನೇ ತಾನೇ?"

"ಹೌದು, ಅದಕ್ಕೇ ಹೇಳ್ತಿದೀನಿ. ತಿಂದ ಹಣ್ಣು ಜೀರ್ಣವಾಗಿ ಆ ಗಡ್ಡೆಗೆ ಎಷ್ಟು ತಲುಪತ್ತೋ ನಂಗೂ ಗೊತ್ತಿಲ್ಲ. ನನ್ನ ಹೆಸರು ಹೇಳ್ಕೊಂಡು ಇವಳನ್ನ ಸಾಯಿಸೋಕೆ ನಾನು ಬಿಡಲ್ಲ."

ಅಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದಳು. ದೊಡ್ಡಮ್ಮ ಅಷ್ಟು ಹೊತ್ತೂ ಮೂಲೆಯಲ್ಲಿ ಕುಳಿತಿದ್ದಳು. ಅವಳಿಗೇನು ಬೇಕು ಎಂದು ನಾನೂ ಸೇರಿದಂತೆ ಯಾರೂ ಕೇಳಿರಲಿಲ್ಲ. ಅವಳೇ ಎದ್ದುಹೋಗಿ ಸೀರೆ ಬದಲಿಸಿ ಬಂದಳು.

"ಹಾಸನದ ಬಸ್ಸಿಗೆ ಹೊತ್ತಾಯ್ತು, ನಡಿಯೇ," ಎಂದಳು.

ಆಪರೇಷನ್ ಆಯಿತು. ನಿಧಾನವಾಗಿ ಚೇತರಿಸಿಕೊಂಡಳು. ಮರುವರ್ಷ ನೆಂಟರೊಬ್ಬರ ಗೃಹಪ್ರವೇಶದ ಊಟದಲ್ಲಿ ಮಾವ ಪಕ್ಕದವರಿಗೆಲ್ಲ ಕೇಳುವಂತೆ, ನಮ್ಮ ಹುಡುಗಿಯ ನೇರಳೆ ಔಷಧದಿಂದಲೇ ಅಕ್ಕ ಉಳಿದಳು ಎನ್ನುತ್ತಿದ್ದರು. ದೊಡ್ಡಮ್ಮ ಸಾರು ಬಡಿಸುತ್ತಿದ್ದವಳು ಪಾತ್ರೆ ಕೆಳಗಿಟ್ಟಳು. ಮಾವನ ಎಲೆಯ ಮುಂದೆ ನಿಂತು, ಹೊಟ್ಟೆಯ ಮೇಲಿನ ಸೆರಗನ್ನು ಪಕ್ಕಕ್ಕೆ ಸರಿಸಿದಳು.

"ಒಂದು ಹಣ್ಣೂ ಬಾಯಿಗೆ ಹಾಕಿಲ್ಲ ಕಣೋ. ನೋಡು, ಇಲ್ಲಿ ಕೊಯ್ದಿದ್ದು."

ಪಂಕ್ತಿಯ ಗಂಡಸರೆಲ್ಲ ಎಲೆಯತ್ತ ತಲೆ ತಗ್ಗಿಸಿದರು. ಮಾವ ತಲೆಯೆತ್ತಿ ಆ ಗಾಯದ ಗುರುತನ್ನು ನೋಡುವವರೆಗೂ ಅವಳು ಸೆರಗು ಮುಚ್ಚಲಿಲ್ಲ.