ಅಕ್ಕನ ಸೈಕಲ್ಲಿಗೆ ಹೊಸ ಬ್ರೇಕು

ನಾನು ಚಿಕ್ಕವನಿದ್ದಾಗ ಎಲ್ಲವೂ ಚೆನ್ನಾಗಿತ್ತು ಎನ್ನುವ ಅಜ್ಜಂದಿರನ್ನು ಸುಮ್ಮನೆ ನಂಬಬೇಡಿ, ಮಕ್ಕಳೇ. ಯಾರಿಗೆ ಚೆನ್ನಾಗಿತ್ತು ಎಂದು ಕೇಳಿ. ನನ್ನನ್ನೂ ಕೇಳಿ. ನಾನು ಹೇಳುವುದು ಒಂದೇ ದಿನದ ಮಾತು, ಚಳಿಗಾಲದ ಒಂದು ಭಾನುವಾರ.

ನಮ್ಮದು ಶಹಾಬಾದಿನ ಕಡೆ, ಭಂಕೂರದ ಆಚೆಯ ಸಣ್ಣ ಹಳ್ಳಿ. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಮಾಡುತ್ತಿದ್ದ. ಬೂದುಬಣ್ಣದ ಚಪ್ಪಡಿಯನ್ನು ನೀರು ಬಿಟ್ಟು ತಿಕ್ಕಿ ನುಣ್ಣಗೆ ಮಾಡಿ, ಕೊನೆಗೆ ಎಣ್ಣೆಬಟ್ಟೆಯಿಂದ ಒರೆಸಿದರೆ ಕಲ್ಲು ಕಪ್ಪಗೆ ಮಿನುಗುತ್ತಿತ್ತು. ರಜೆಯ ದಿನ ಆ ಒರೆಸುವ ಕೆಲಸ ನನ್ನದು. ಎಣ್ಣೆ ಬೀಳುವ ತನಕ ಯಾವ ಕೆಲಸವೂ ಮುಗಿದಂತಲ್ಲ ಎಂದೇ ನಾನು ತಿಳಿದಿದ್ದೆ. ನಮ್ಮ ಅಂಗಿ, ಹಾಸಿಗೆ, ತಲೆಗೂದಲಿನಲ್ಲೆಲ್ಲ ಕಲ್ಲಿನ ಹಿಟ್ಟು, ಅದರ ಮೇಲೆ ಕುಸುಬೆ ಎಣ್ಣೆಯ ವಾಸನೆ.

ಅಕ್ಕ ಶಹಾಬಾದಿನಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದಳು. ಜೊತೆಗೆ ನಡೆದು ಹೋಗುತ್ತಿದ್ದ ಗೆಳತಿಗೆ ದೀಪಾವಳಿಯಾದ ಮೇಲೆ ಮದುವೆಯಾಯಿತು. ಒಬ್ಬಳೇ ಅಷ್ಟು ದೂರ ನಡೆಯುವುದು ಬೇಡ ಎಂದು ಅಪ್ಪ ಹೇಳಿದ. ಹಾಗಾದರೆ ನಿನ್ನ ಸೈಕಲ್ ಕೊಡು ಎಂದು ಅಕ್ಕ ಹಟ ಹಿಡಿದಳು. ಎಂಟು ದಿನ ಊಟಕ್ಕೆ ಕುಳಿತಾಗೆಲ್ಲ ಅದೇ ವಾದ. ಅಕ್ಕನ ಕಡೆಯ ವಕೀಲ ನಾನು. ನನ್ನ ಬಾಯಿಗೆ ಬೇಸತ್ತೋ ಏನೋ, ಅಪ್ಪ ಕೊನೆಗೆ ಒಂದು ಷರತ್ತು ಹಾಕಿದ. ಹೊಸ ಬ್ರೇಕು ಹಾಕಿಸುತ್ತೇನೆ, ಊರ ಹೊರಗಿನ ಹಳ್ಳದ ಇಳಿಜಾರಿನಲ್ಲಿ ನನ್ನ ಕಣ್ಣೆದುರು ಸೈಕಲ್ ನಿಲ್ಲಿಸಿ ತೋರಿಸಲಿ. ನಿಂತರೆ ಸೈಕಲ್ ಅವಳದು. ನಿಲ್ಲದಿದ್ದರೆ ಶಾಲೆ ಸಾಕು.

ಶನಿವಾರ ಸಂಜೆ ಸೈಕಲ್ ಮಿಸ್ತ್ರಿ ಚಾಚಾ ರಿಮ್ಮನ್ನು ಒತ್ತಿ ಹಿಡಿಯುವ ಸವೆದ ರಬ್ಬರು ಕಿತ್ತು ಹೊಸದು ಕೂರಿಸಿದರು. ಗಾಲಿ ತಿರುಗಿಸಿ, ಬ್ರೇಕು ಒತ್ತಿ, "ನೋಡ್ರಿ, ಎಲ್ಲಿ ಹೇಳ್ತೀರಿ ಅಲ್ಲೇ ನಿಂದರ್ತದ," ಎಂದರು. ಗಾಲಿ ಗಕ್ಕನೆ ನಿಂತಿತು. ನಾನೇ ಕಣ್ಣಾರೆ ನೋಡಿದೆ.

ಬೆಳಿಗ್ಗೆ ಅಕ್ಕ ಅಪ್ಪನ ಹಳೆಯ ಉಣ್ಣೆ ಸ್ವೆಟರ್ ಹಾಕಿಕೊಂಡಳು. ತೋಳು ನಾಲ್ಕು ಮಡಿಕೆ ಮಡಚಬೇಕಾಯಿತು. ಕಿವಿಗೆ ಅವ್ವನ ಶಾಲಿನ ಹರಕು. ಕೈಗವಸು ಎಲ್ಲಿಂದ ಬರಬೇಕು? ಅಪ್ಪನ ಕಾಲುಚೀಲವನ್ನೇ ಕೈಗೆ ಏರಿಸಿ, ಬೆರಳು ಹೊರಬರುವಂತೆ ತುದಿ ಕತ್ತರಿಸಿದಳು.

"ಅಪ್ಪನಂಗ ಕಾಣಾಕತ್ತೀನೇನೋ ತಮ್ಮಾ? ಮೀಸಿ ಒಂದು ಕಮ್ಮಿ," ಎಂದಳು.

"ಕುರಿ ಕಂಡಂಗ ಕಾಣಾಕತ್ತಿ," ಎಂದೆ ನಾನು.

ಅವಳು ಒಳಗೆ ಜಡೆ ಹಾಕಿಕೊಳ್ಳುವಷ್ಟರಲ್ಲಿ ನಾನು ಎಣ್ಣೆಬಟ್ಟೆ ತಂದು ಸೈಕಲ್ ಒರೆಸಿದೆ. ಹ್ಯಾಂಡಲ್, ಗಂಟೆ, ಎರಡೂ ಗಾಲಿಯ ರಿಮ್ಮು. ಕಲ್ಲಿಗೆ ಒರೆಸುವಂತೆಯೇ ಒಳಗೂ ಹೊರಗೂ, ಒಂದು ಇಂಚೂ ಬಿಡದೆ. ಅಕ್ಕನ ಸೈಕಲ್ ಮಿಂಚಬೇಕಿತ್ತು.

ಹಳ್ಳದ ಹತ್ತಿರ ತೊಗರಿ ಹೊಲದ ಮೇಲೆ ಮಂಜು ಕೂತಿತ್ತು. ಮಾತಾಡಿದರೆ ಬಾಯಿಂದ ಹೊಗೆ. ಅಪ್ಪ ಇಳಿಜಾರಿನ ಕೆಳಗೆ, ನಿಲ್ಲಿಸಬೇಕಾದ ಜಾಗದ ಗುರುತಿಗೆ ಒಂದು ಕಲ್ಲಿಟ್ಟು ಅದರ ಪಕ್ಕ ನಿಂತ. ಅಕ್ಕ ಮೇಲಿನಿಂದ ಸೈಕಲ್ ಬಿಟ್ಟಳು. ನಡುವೆ ಅವಳ ಬೆರಳು ಬ್ರೇಕಿನ ಮೇಲೆ ಬಿಗಿಯಾದದ್ದು ನನಗೆ ಕಂಡಿತು. ಸೈಕಲ್ ನಿಧಾನವಾಗಲಿಲ್ಲ. ಕಲ್ಲು ದಾಟಿತು, ಅಪ್ಪನನ್ನೂ ದಾಟಿತು, ಹಳ್ಳದ ಕೆಸರಿಗೆ ಹೋಗಿ ಬಿತ್ತು.

ಓಡಿಹೋಗಿ ಸೈಕಲ್ ಎತ್ತಿದವನು ನಾನು. ರಿಮ್ಮಿಗೆ ತಗುಲಿದ ಬೆರಳು ಎಣ್ಣೆಗೆ ಜಾರಿತು. ಅಷ್ಟರಲ್ಲೇ ಎಲ್ಲ ತಿಳಿಯಿತು.

"ನಾ ಜೋರಾಗೇ ಒತ್ತೀನಿ ಅಪ್ಪಾ. ಹಿಡೀಲೇ ಇಲ್ಲ ಅದು," ಎಂದಳು ಅಕ್ಕ. ಮೊಣಕೈಯಿಂದ ರಕ್ತ ಸ್ವೆಟರಿಗೆ ಇಳಿಯುತ್ತಿತ್ತು.

"ನಿನ್ನೆ ಹಿಡಿದದ್ದು ಇವತ್ತ್ಯಾಕ ಹಿಡ್ಯಾಂಗಿಲ್ಲ ಯವ್ವಾ? ಥಂಡಿಗೆ ಕೈ ಸೆಟದಾವ. ಹೆಣ್ಣ್ಮಕ್ಕಳ ಕೈ, ಅಷ್ಟ ಜೋರ ಎಲ್ಲಿಂದ ಬರ್ಬೇಕು," ಎಂದ ಅಪ್ಪ. ಅವನು ಬೈಯಲಿಲ್ಲ. ಬೈದಿದ್ದರೆ ನಾನು ಎದುರುತ್ತರ ಕೊಡುತ್ತಿದ್ದೆನೇನೋ. ಅಕ್ಕ ನನ್ನ ಕಡೆ ನೋಡಿದಳು, ಅವಳ ವಕೀಲನಲ್ಲವೇ ನಾನು. ಎಂಟು ದಿನ ಸುಮ್ಮನಿರದ ನನ್ನ ಬಾಯಿ ಆಗ ತೆರೆಯಲಿಲ್ಲ. ಬೆರಳನ್ನು ಚಡ್ಡಿಗೆ ಒರೆಸಿಕೊಂಡೆ.

ಎರಡು ದಿನ ನನಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ರಿಮ್ಮನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಅಪ್ಪನ ಮುಂದೆ ಬ್ರೇಕು ಒತ್ತಿ ತೋರಿಸಿ, ಅಳುತ್ತಾ ಎಲ್ಲ ಹೇಳಿದೆ. ಅಪ್ಪ ಗಾಲಿ ತಿರುಗಿಸಿ ತಾನೂ ಒಮ್ಮೆ ಬ್ರೇಕು ಒತ್ತಿ ನೋಡಿದ.

"ಖರೆ ಅದ. ಆದ್ರ ಅಕಿನ್ನ ನಾಳಿಂದ ಪಾಲಿಶ್ ಕೆಲಸಕ್ಕ ಕಳಸ್ತೀನಂತ ನಮ್ಮ ಮಾಲಕರಿಗೆ ಮಾತು ಕೊಟ್ಟೀನಿ," ಎಂದ.

ಈಗ ನೀವು ವಾದ ಮಾಡಬಹುದು, ಅಜ್ಜಾ, ನಿನ್ನ ತಪ್ಪು ಗೊತ್ತಾಗದೆ ಆದದ್ದು ಎಂದು. ಎಣ್ಣೆಯ ಮಟ್ಟಿಗೆ ಒಪ್ಪುತ್ತೇನೆ. ಆ ಎರಡು ದಿನದ ಮೌನಕ್ಕೆ ನನ್ನ ಹತ್ತಿರ ವಾದವಿಲ್ಲ. ಅಪ್ಪನ ಷರತ್ತಿಗೂ ಇಲ್ಲ. ಊರಲ್ಲಿ ಎಷ್ಟೋ ಗಂಡಸರು ಬಂಡಿ ಮಗುಚಿದ್ದರು, ಸೈಕಲ್ಲಿಂದ ಬಿದ್ದಿದ್ದರು. ಯಾರ ಕೈಯನ್ನೂ ಯಾರೂ ಅನುಮಾನಿಸಿರಲಿಲ್ಲ. ಎರಡು ವರ್ಷದ ಮೇಲೆ ಅದೇ ಸೈಕಲ್ ಹತ್ತಿ ಶಹಾಬಾದಿನ ಹೈಸ್ಕೂಲಿಗೆ ನಾನು ಹೋದೆ. ಯಾವ ಇಳಿಜಾರಿನಲ್ಲೂ ನನ್ನನ್ನು ಪರೀಕ್ಷಿಸಲಿಲ್ಲ. ನಾನು ಹೊರಡುವ ಹೊತ್ತಿಗೆ ಅಕ್ಕ ಪಾಲಿಶ್ ಕೆಲಸಕ್ಕೆ ಹೋಗಿರುತ್ತಿದ್ದಳು.

ನಿಮ್ಮ ಸೈಕಲ್ಲಿಗೆ ಈಗ ಡಿಸ್ಕ್ ಬ್ರೇಕು. ಚಳಿಗೆ ಜಿಪ್ಪಿನ ಜಾಕೆಟ್ಟು, ಬೆರಳಿನ ಅಳತೆಗೇ ಹೊಲಿದ ಕೈಗವಸು. ಅದಕ್ಕೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಮೊನ್ನೆ ನಿಮ್ಮಲ್ಲಿ ದೊಡ್ಡವಳು ಸೇಡಂನ ನಮ್ಮ ಮನೆಯ ಗೇಟಿಗೆ ಹೊಸ ಸೈಕಲ್ ಗುದ್ದಿ ಬಿದ್ದಳಲ್ಲ, ಎದ್ದವಳೇ ಬ್ರೇಕಿಗೆ ಬೈದಳು. ಅವಳಪ್ಪ ಅಂಗಡಿಗೆ ಒಯ್ದು ಬ್ರೇಕು ಸರಿ ಮಾಡಿಸಿಕೊಂಡು ಬಂದ. ಮರುದಿನ ಅವಳು ಶಾಲೆಗೆ ಹೋದಳು. ನಾನು ಗೇಟಿನ ತನಕ ಹೋಗಿ, ಅವಳು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದೆ. ಅಕ್ಕನಿಗೂ ಬಿದ್ದ ಮೇಲೆ ಅಂಥದೊಂದು ಮರುದಿನ ಸಿಕ್ಕಿದ್ದರೆ ಸಾಕಿತ್ತು.