ಮಾಟಗಾತಿಯ ಚೀಲದಲ್ಲೊಂದು ವಜ್ರ

ಸೇಫ್ಟಿ ಪಿನ್ನು, ಜ್ವರದ ಮಾತ್ರೆ, ಓಮ, ಎರಡು ಮಾಸ್ಕು, ಮೆಟ್ರೋ ನಡುದಾರಿಯಲ್ಲಿ ನಿಂತುಬಿಟ್ಟರೆ ಅಂತ ಒಂದು ಪೊಟ್ಟಣ ಬಿಸ್ಕತ್ತು: ಇಷ್ಟಿಲ್ಲದೆ ನಾನು ಲಿಫ್ಟು ಕೂಡ ಹತ್ತುವುದಿಲ್ಲ. ಇಂಥವಳನ್ನು ನಮ್ಮ ನೋಯ್ಡಾ ಸೊಸೈಟಿಯ ಕೆಳಗಿನ ಫ್ಲ್ಯಾಟಿನ ಕನ್ನಡದ ಹುಡುಗಿ ಭಾನುವಾರ ಮಧ್ಯಾಹ್ನದ ಆಟಕ್ಕೆ ಕರೆದಳು. "ಬನ್ನಿ ಆಂಟಿ, ಒಬ್ಬರು ಕಮ್ಮಿ ಇದ್ದೀವಿ. ಕೂತು ಕಥೆ ಹೇಳೋದು, ಅಷ್ಟೇ."

ಅಷ್ಟೇ ಅಲ್ಲ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಬೇಕು. ಗುಹೆ, ರಾಕ್ಷಸರನ್ನೆಲ್ಲ ಒಬ್ಬ ಹೇಳುತ್ತಾ ಹೋಗುತ್ತಾನೆ, ಏಟು ತಾಕಿತೋ ಇಲ್ಲವೋ ಎನ್ನುವುದು ದಾಳದ ಮೇಲೆ. ಕಥೆ ಹೇಳುವವನು ದೆಹಲಿಯಲ್ಲಿ ಪಿಎಚ್‌ಡಿ ಮಾಡುವ ಹುಡುಗ. ನಮ್ಮ ಹುಡುಗಿಯದು ಕತ್ತಿ ಹಿಡಿದ ಯೋಧೆ. ಅವಳ ಆಫೀಸಿನವನೊಬ್ಬ ಮಂತ್ರ ಹಾಕಿ ಗಾಯ ಮಾಯಿಸುವ ವೈದ್ಯ. ನಾನು ಮಾಟಗಾತಿ. ಆ ಪಾತ್ರ ಕೊಡುವಾಗ ಯಾರೂ ನಗಲಿಲ್ಲ. ಯಾಕೆ ನಗಲಿಲ್ಲ ಅಂತ ಒಂದು ವಾರ ನಿದ್ದೆಗೆಟ್ಟೆ.

ಆ ಆಟದಲ್ಲಿ ಮಂತ್ರ ಹಾಕಬೇಕಾದರೆ ಬಾಯಿಬಿಟ್ಟು ಹೇಳಬೇಕು, ಕೈಯಲ್ಲಿ ಮುದ್ರೆ ಮಾಡಬೇಕು, ಬೇಕಾದ ಸಾಮಾನು ಚೀಲದಲ್ಲಿರಬೇಕು. ಬೆಂಕಿಯುಂಡೆಗೆ ಬಾವಲಿ ಹಿಕ್ಕೆ, ಗಂಧಕ. ಮೆಲ್ಲಗೆ ಕೆಳಗಿಳಿಯಲು ಹಕ್ಕಿಗರಿ. ಅಗ್ಗದ ಸಾಮಾನು ಇದೆ ಅಂದುಕೊಂಡು ಮುಂದೆ ಹೋಗುವುದು ಹುಡುಗರ ರೂಢಿ. ನಾನು ಬಿಡಬೇಕಲ್ಲ! "ಗರಿ ತಗೊಂಡಿದ್ದೀನಿ ಅಂತ ನೀನು ಹೇಳಲೇ ಇಲ್ವಲ್ಲಪ್ಪ" ಅಂತ ವೈದ್ಯನನ್ನು ಕೋಟೆಗೋಡೆಯಿಂದ ಕೆಡವಿ ಕಾಲು ಮುರಿಸಿದ್ದೇನೆ.

"ಆಂಟಿ, ನೀವು ಏರ್‌ಪೋರ್ಟ್ ಸೆಕ್ಯುರಿಟೀಲಿ ಇರಬೇಕಿತ್ತು" ಅಂದಿದ್ದ ಪಾಪ.

ಸತ್ತವರನ್ನು ಎಬ್ಬಿಸುವ ಮಂತ್ರವೂ ವೈದ್ಯನ ಹತ್ತಿರ ಉಂಟು. ಸತ್ತ ಒಂದು ನಿಮಿಷದೊಳಗೆ ಹಾಕಬೇಕು. ಅದಕ್ಕೆ ವಜ್ರವೇ ಬೇಕು. ಮಂತ್ರ ಮುಗಿದೊಡನೆ ವಜ್ರ ಪುಡಿಯಾಗುತ್ತದೆ. ಆ ಒಂದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಒಂದು ಸಲ ಹುಡುಗಿಯೂ ವೈದ್ಯನೂ ಮೋಮೋ ತರಲು ಹೋಗಿದ್ದಾಗ ನನ್ನ ಮಾಟಗಾತಿ ಗುಹೆಯ ಮೂಲೆ ಕೆದಕಿದಳು. "ವಜ್ರ ಸಿಕ್ತು ಮೇಡಂ" ಅಂದ ಕಥೆಗಾರ. ನಾನೇ ಸತ್ತರೆ ಬೇಕಾಗುತ್ತದೆ ಅಂತ ಯಾರಿಗೂ ಹೇಳದೆ ಇಟ್ಟುಕೊಂಡೆ.

ಚಳಿಗಾಲದ ಒಂದು ಭಾನುವಾರ. ಹೊರಗೆ ಹೊಗೆ, ಒಳಗೆ ಏರ್ ಪ್ಯೂರಿಫೈಯರ್ ಗುಂಯ್‌ಗುಡುತ್ತಿತ್ತು. ನನ್ನ ಮಾಟಗಾತಿಗೆ ಬೀಳಬೇಕಿದ್ದ ಏಟಿಗೆ ಅಡ್ಡ ನಿಂತು ಯೋಧೆ ಸತ್ತಳು.

ಹುಡುಗಿ ಚಟ್ನಿ ಬಟ್ಟಲನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಿದ್ದಳು. "ಡೆಲ್ಲಿಗೆ ಬಂದಾಗ ನಂಗೆ ಯಾರೂ ಗೊತ್ತಿರಲಿಲ್ಲ ಆಂಟಿ. ಈ ಯೋಧೆಯಿಂದಾನೇ ನೀವೆಲ್ಲ ಸಿಕ್ಕಿದ್ದು."

"ವಜ್ರ! ಯಾರ ಹತ್ರ ಇದೆ?" ವೈದ್ಯ ಎದ್ದೇ ನಿಂತ. ಎಲ್ಲರ ಮುಖ ನೋಡಿ ಮತ್ತೆ ಕೂತ. "ಇಲ್ಲ ಅಂದ್ರೆ ಮುಗೀತು. ರೂಲ್ ಅಂದ್ರೆ ರೂಲು. ಅಲ್ವಾ ಆಂಟಿ?"

ನಾನು ಚಹಾದ ಲೋಟದೊಳಗೆ ಇಣುಕಿದೆ. ಗುಹೆಯ ಮುಂದಿನ ಕೋಣೆಯಲ್ಲಿ ಏನಿದೆಯೋ ಅನ್ನುವುದು ನನ್ನ ಚಿಂತೆ. ಐವತ್ತರ ಹತ್ತಿರ ಬಂದ ಹೆಂಗಸು, ಇಲ್ಲದ ಪ್ರಾಣಕ್ಕಾಗಿ ಇಲ್ಲದ ವಜ್ರವೊಂದನ್ನು ಬಚ್ಚಿಟ್ಟುಕೊಂಡು ಕೂತಿದ್ದೆ.

ಕಥೆಗಾರ ನನ್ನ ಕಡೆ ನೋಡಲೇ ಇಲ್ಲ. "ನಿಮಿಷ ಇನ್ನೂ ಆಗಿಲ್ಲ. ಎಲ್ಲರೂ ಇನ್ನೊಂದ್ಸಲ ನೋಡ್ಕೊಳ್ಳಿ" ಅಂದು, ನೀರು ಕುಡಿಯಲು ಅಡುಗೆಮನೆಗೆ ಹೋದ. ಬಂದು ಕೂತು, "ಇನ್ನೂ ಆಗಿಲ್ಲ" ಅಂದ. ನನ್ನ ಚಹಾ ಆರುವವರೆಗೂ ಆ ನಿಮಿಷವನ್ನು ಎಳೆದ.

"ಅಯ್ಯೋ ತಡೀರಿ!" ಹಣೆ ಚಚ್ಚಿಕೊಂಡೆ. "ನನ್ನ ಹತ್ರ ಒಂದಿತ್ತಲ್ವಾ! ವಯಸ್ಸಾಯ್ತು ನೋಡಿ, ಮರೆತೇ ಹೋಗಿತ್ತು."

ವೈದ್ಯ ಕೂಗಿದ. ಯೋಧೆ ಎದ್ದಳು. ಹುಡುಗಿ ಬಂದು ನನ್ನನ್ನು ತಬ್ಬಿಕೊಂಡಳು. "ಆಂಟಿ ಇರೋದ್ರಿಂದ್ಲೇ ನಾವೆಲ್ಲ ಬದುಕಿರೋದು!"

"ನೆನಪಾಯ್ತಲ್ಲ ಮೇಡಂ, ಸಾಕು" ಅಂದ ಕಥೆಗಾರ. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಹೋದ ಭಾನುವಾರ ಇನ್ನೊಂದು ವಜ್ರ ಸಿಕ್ಕಿತು. ಈ ಸಲ ಕಥೆಗಾರ ಎಲ್ಲರೂ ಕೂತಿದ್ದಾಗಲೇ ಹೇಳಿದ. "ಯಾರು ಇಟ್ಕೊಳ್ತೀರಿ?"

ನಾನು ಥಟ್ಟನೆ ವೈದ್ಯನ ಕಡೆ ಕೈ ತೋರಿಸಿದೆ. ಹುಡುಗಿ ಒಪ್ಪಲಿಲ್ಲ. "ಇವನಾ? ಕಳ್ಕೊಳ್ತಾನೆ. ಆಂಟಿ ಹತ್ರಾನೇ ಇರಲಿ. ಅವರ ಹತ್ರ ಇದ್ರೆ ನಮ್ಮೆಲ್ಲರ ಹತ್ರ ಇದ್ದಂಗೆ."

ಕಥೆಗಾರ ಕಾದ.

"ಇಟ್ಕೊಳ್ತೀನಿ" ಅಂದೆ, ಪಕ್ಕದ ಫ್ಲ್ಯಾಟಿಗೂ ಕೇಳುವ ಹಾಗೆ. "ನನ್ನ ಹತ್ರ ಇದೆ. ಎಲ್ಲರೂ ನೆನಪಿಟ್ಕೊಳ್ಳಿ."